ಸಣ್ಣ ಅಂಗಡಿಯ ಬಿಲ್ಲಿಂಗ್ ವ್ಯವಸ್ಥೆ: ಕರೆಂಟು ಹೋದಾಗಲೂ ನಡೆಯುವುದನ್ನು ಆರಿಸಿಕೊಳ್ಳಿ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಸಮೀಪ ನಮ್ಮದೊಂದು ದಿನಸಿ ಅಂಗಡಿಯಿದೆ. ದಿನಸಿಯ ಜೊತೆಗೆ ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಚಾಕೊಲೇಟ್ ಮುಂತಾದವನ್ನು ಪ್ರವಾಸಿಗರಿಗೂ ಮಾರುತ್ತೇವೆ. ತೋಟದ ಲೈನ್ ಮನೆಗಳಲ್ಲಿ (ಕೆಲಸದವರ ಸಾಲು ಮನೆಗಳಲ್ಲಿ) ಇರುವ ಕೆಲಸದವರಿಗೆ ವಾರದ ಲೆಕ್ಕದಲ್ಲಿ ಕಡ ಕೊಡುತ್ತೇವೆ. ವರ್ಷದ ವಹಿವಾಟು 30 ಲಕ್ಷದ ಆಸುಪಾಸಿನಲ್ಲಿದ್ದು, ಜಿಎಸ್‌ಟಿ ನೋಂದಣಿ ಇನ್ನೂ ಮಾಡಿಸಿಲ್ಲ. ಮಾರಾಟಗಾರರೊಬ್ಬರು 45 ಸಾವಿರ ರೂಪಾಯಿಯ ಬಿಲ್ಲಿಂಗ್ ಮಷಿನ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. 25 ಸಾವಿರದೊಳಗೆ ನಮಗೆ ಒಗ್ಗುವಂಥದ್ದು ಸಿಗಬಹುದೇ? ಕಡದ ಪುಸ್ತಕವನ್ನು ಇನ್ನು ಬಿಟ್ಟುಬಿಡಬಹುದೇ?

ಉತ್ತರ: ಖಂಡಿತ ಸಿಗುತ್ತದೆ. ನೀವು ವಿವರಿಸಿರುವ ಅಂಗಡಿಗೆ 45 ಸಾವಿರ ರೂಪಾಯಿಯ ಯಂತ್ರದ ಅಗತ್ಯವಿಲ್ಲ. ಮನೆಯಲ್ಲಿ ಒಂದು ಒಳ್ಳೆಯ ಆಂಡ್ರಾಯ್ಡ್ ಫೋನೋ ಟ್ಯಾಬ್ಲೆಟ್ಟೋ ಆಗಲೇ ಇದ್ದರೆ 10 ಸಾವಿರದೊಳಗೇ ಕೆಲಸ ಆರಂಭಿಸಬಹುದು. ಆದರೆ ದರಕ್ಕಿಂತ ಮೊದಲು ಎರಡು ವಿಷಯಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಇಂಟರ್ನೆಟ್ ಇಲ್ಲದಿದ್ದರೂ ಬಿಲ್ ಹೊರಬರಬೇಕು, ಮತ್ತು ನಿಮ್ಮ ಲೆಕ್ಕ ಯಾವಾಗ ಬೇಕಾದರೂ ಪೂರ್ತಿಯಾಗಿ ನಿಮ್ಮ ಕೈಗೆ ಸಿಗುವಂತಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ, ಉಳಿದ ಸೌಲಭ್ಯಗಳು ಎಷ್ಟೇ ಆಕರ್ಷಕವಾಗಿದ್ದರೂ, ಆ ವ್ಯವಸ್ಥೆ ಕೊಡಗಿನ ಅಂಗಡಿಗೆ ತಕ್ಕುದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಅಂಗಡಿಯವರು ‘ಮಷಿನ್’ ಎನ್ನುವಾಗ ಮೂರು ಬೇರೆ ಬೇರೆ ವಸ್ತುಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಕಾರ್ಡ್ ಉಜ್ಜುವ ಸ್ವೈಪಿಂಗ್ ಮಷಿನ್ ಮತ್ತು ‘ಹಣ ಬಂದಿದೆ’ ಎಂದು ಹೇಳುವ ಸೌಂಡ್‌ಬಾಕ್ಸ್ ಹಣ ಪಡೆಯುವ ಸಾಧನಗಳು. ಯಾವ ಸಾಮಾನು ಎಷ್ಟು ಹೋಯಿತು ಎಂಬುದು ಅವುಗಳಿಗೆ ತಿಳಿಯದು. ಬಿಲ್ಲಿಂಗ್ ಸಾಫ್ಟ್‌ವೇರ್ ಸಾಮಾನು, ದರ, ದಾಸ್ತಾನು ಮತ್ತು ಬಾಕಿಯ ಲೆಕ್ಕವನ್ನು ಇಡುತ್ತದೆ. ಮೂರನೆಯದು ಟ್ಯಾಲಿಯಂತಹ ಪೂರ್ಣ ಪ್ರಮಾಣದ ಲೆಕ್ಕಪತ್ರದ ಸಾಫ್ಟ್‌ವೇರ್. ನಿಮಗೆ ಈಗ ಬೇಕಾಗಿರುವುದು ಎರಡನೆಯದು. ಹಣ ಪಡೆಯಲು ಯುಪಿಐ ಕ್ಯೂಆರ್ ಸಾಕು. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಯಿಂದ ಶುಲ್ಕ ಪಡೆಯುತ್ತಿಲ್ಲ. ಸ್ವೈಪಿಂಗ್ ಮಷಿನ್‌ಗೆ ತಿಂಗಳ ಬಾಡಿಗೆಯೂ ಕ್ರೆಡಿಟ್ ಕಾರ್ಡಿನ ಕಮಿಷನ್ನೂ ಸೇರುವುದರಿಂದ, ಪ್ರವಾಸಿಗರು ಕಾರ್ಡ್ ಕೇಳಿ ವ್ಯಾಪಾರ ತಪ್ಪಿಹೋಗುತ್ತಿರುವುದು ನಿಮಗೆ ಕಣ್ಣಾರೆ ಕಂಡರೆ ಮಾತ್ರ ಅದರ ಬಗ್ಗೆ ಯೋಚಿಸಿ.

ಇನ್ನು ಇಂಟರ್ನೆಟ್ ಇಲ್ಲದೆ ನಡೆಯುವ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿಯುವುದು ಹೊಸತೇನಲ್ಲ. ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿದು ಸಿಗ್ನಲ್ ಕೈಕೊಡುತ್ತದೆ. 2018ರ ಆಗಸ್ಟ್‌ನಂತಹ ಮಳೆಯಲ್ಲಿ ದಿನಗಟ್ಟಲೆ ಸಂಪರ್ಕವೇ ಇರಲಿಲ್ಲ. ಅಂತಹ ದಿನಗಳಲ್ಲೇ ಜನರಿಗೆ ಮೇಣದಬತ್ತಿ, ಅಕ್ಕಿ, ಬೇಳೆ ಹೆಚ್ಚು ಬೇಕಾಗುತ್ತದೆ, ಅಂಗಡಿ ಮುಚ್ಚುವಂತಿಲ್ಲ. ಎಲ್ಲ ಮಾರಾಟಗಾರರೂ ‘ಆಫ್‌ಲೈನ್‌ನಲ್ಲಿ ನಡೆಯುತ್ತದೆ’ ಎಂದೇ ಹೇಳುತ್ತಾರೆ, ಆದರೆ ಆ ಮಾತಿನ ಅರ್ಥ ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಬಗೆ. ಕೆಲವು ಆ್ಯಪ್‌ಗಳು ಈಗಾಗಲೇ ತೆರೆದಿದ್ದರೆ ಬಿಲ್ ಮಾಡುತ್ತವೆ, ಮುಚ್ಚಿ ಮತ್ತೆ ತೆರೆದರೆ ಲಾಗಿನ್ ಕೇಳುತ್ತವೆ. ಲಾಗಿನ್‌ಗೆ ಒಟಿಪಿ ಬೇಕು, ಸಿಗ್ನಲ್ ಇಲ್ಲದೆ ಒಟಿಪಿ ಬರುವುದಿಲ್ಲ. ಇನ್ನು ಕೆಲವು ಬಿಲ್ ಮಾಡಿದರೂ ಹೊಸ ಸಾಮಾನು ಸೇರಿಸಲು, ದರ ಬದಲಿಸಲು ಅಥವಾ ಗ್ರಾಹಕರ ಹಳೆಯ ಬಾಕಿ ನೋಡಲು ಬಿಡುವುದಿಲ್ಲ.

ಆದ್ದರಿಂದ ಹಣ ಕೊಡುವ ಮುನ್ನ ಈ ಪರೀಕ್ಷೆಯನ್ನು ಮಾರಾಟಗಾರರ ಎದುರಿನಲ್ಲೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಆ್ಯಪ್ ಮುಚ್ಚಿ, ಫೋನನ್ನೇ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ, ಆಮೇಲೆ ಆ್ಯಪ್ ತೆರೆಯಿರಿ. ಐದು ಸಾಮಾನುಗಳ ಒಂದು ಬಿಲ್ ಮಾಡಿ ಮುದ್ರಿಸಿ. ಒಂದು ಹೊಸ ಸಾಮಾನು ಸೇರಿಸಿ, ಒಂದರ ದರ ಬದಲಿಸಿ, ಒಬ್ಬರ ಹೆಸರಿಗೆ ಕಡ ಬರೆದು ಅವರ ಒಟ್ಟು ಬಾಕಿಯನ್ನು ನೋಡಿ. ಕೊನೆಗೆ ಇಂಟರ್ನೆಟ್ ಕೊಟ್ಟು, ಎಲ್ಲ ಬಿಲ್‌ಗಳೂ ಒಂದೊಂದೇ ಸಲ ಏರಿವೆಯೇ, ಯಾವುದಾದರೂ ಎರಡು ಸಲ ಬಂದಿದೆಯೇ ಎಂದು ಪರಿಶೀಲಿಸಿ. ಇಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಕರಪತ್ರದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಇದರಲ್ಲಿ ಹೊರಬೀಳುತ್ತವೆ. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಕೊಳ್ಳುವ ಯೋಚನೆಯನ್ನೇ ಬಿಡಿ.

ನೀವು ಮತ್ತು ಮನೆಯವರು ಎರಡು ಫೋನುಗಳಲ್ಲಿ ಬಿಲ್ ಮಾಡುವ ಉದ್ದೇಶವಿದ್ದರೆ ಇನ್ನೊಂದು ಮಾತನ್ನು ಗಮನಿಸಿ. ಇಂಟರ್ನೆಟ್ ಇಲ್ಲದಾಗ ಎರಡೂ ಫೋನುಗಳು ಒಂದೇ ಬಿಲ್ ಸಂಖ್ಯೆಯನ್ನು ಕೊಟ್ಟುಬಿಡುವ ಸಾಧ್ಯತೆಯಿದೆ. ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆ ಒಂದು ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು, ಅನುಕ್ರಮವಾಗಿರಬೇಕು, 16 ಅಕ್ಷರಗಳನ್ನು ಮೀರಬಾರದು. ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶವಿದೆ. ಹಾಗಾಗಿ ಮೊದಲ ದಿನದಿಂದಲೇ ಒಂದು ಫೋನಿಗೆ ‘ಎ’, ಇನ್ನೊಂದಕ್ಕೆ ‘ಬಿ’ ಎಂದು ಬೇರೆ ಬೇರೆ ಸರಣಿ ಕೊಡಿ.

ಯಾವ ಸಾಧನ ಕೊಳ್ಳಬೇಕು ಎಂಬುದಕ್ಕೆ ಉತ್ತರವೂ ಕರೆಂಟಿನ ಮೇಲೆಯೇ ನಿಂತಿದೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟರೆ ಯುಪಿಎಸ್ ಬೇಕು, ಸಾಮಾನ್ಯ ಯುಪಿಎಸ್ ಕೆಲವೇ ನಿಮಿಷಗಳ ಮಟ್ಟಿಗೆ. ನಿಮ್ಮ ಅಳತೆಯ ಅಂಗಡಿಗೆ 10 ಇಂಚಿನ ಒಂದು ಟ್ಯಾಬ್ಲೆಟ್, ಅಥವಾ ಬ್ಯಾಟರಿ ಚೆನ್ನಾಗಿರುವ ಫೋನು, ಜೊತೆಗೆ ಒಳಗೇ ಬ್ಯಾಟರಿಯಿರುವ ಬ್ಲೂಟೂತ್ ಪ್ರಿಂಟರ್ ಅತ್ಯುತ್ತಮ ಜೋಡಿ. ಎರಡನ್ನೂ ಪವರ್‌ಬ್ಯಾಂಕ್‌ನಿಂದ ಚಾರ್ಜ್ ಮಾಡಬಹುದು. ಇನ್ವರ್ಟರ್ ಇದ್ದರಂತೂ ಚಿಂತೆಯಿಲ್ಲ. ಪರದೆ ಮತ್ತು ಪ್ರಿಂಟರ್ ಒಂದೇ ದೇಹದಲ್ಲಿರುವ ಆಂಡ್ರಾಯ್ಡ್ ಬಿಲ್ಲಿಂಗ್ ಮಷಿನ್‌ಗಳು ನೋಡಲು ಅಚ್ಚುಕಟ್ಟಾಗಿರುತ್ತವೆ. ಆದರೆ ಅವುಗಳಲ್ಲಿ ಪ್ರಿಂಟರ್ ಕೆಟ್ಟರೆ ಇಡೀ ಯಂತ್ರವನ್ನೇ ಮೈಸೂರಿಗೋ ಬೆಂಗಳೂರಿಗೋ ಕಳುಹಿಸಬೇಕಾಗಿ ಬರಬಹುದು, ಅಷ್ಟು ದಿನ ಅಂಗಡಿಯಲ್ಲಿ ಬಿಲ್ಲೂ ಇಲ್ಲ, ಲೆಕ್ಕವೂ ಇಲ್ಲ. ಬಿಡಿ ಬಿಡಿಯಾಗಿ ಕೊಂಡರೆ ಪ್ರಿಂಟರ್ ಕೆಟ್ಟ ದಿನ ಇನ್ನೊಂದು ಪ್ರಿಂಟರ್ ತಂದು ಜೋಡಿಸಿದರಾಯಿತು. ಕ್ಯಾಲ್ಕುಲೇಟರ್‌ನಂತೆ ಗುಂಡಿಗಳಿರುವ ಹಳೆಯ ಬಗೆಯ ಬಿಲ್ಲಿಂಗ್ ಮಷಿನ್‌ಗಳು ಇಂಟರ್ನೆಟ್ಟನ್ನು ಕೇಳುವುದೇ ಇಲ್ಲ, ಗಟ್ಟಿಮುಟ್ಟಾಗಿಯೂ ಇರುತ್ತವೆ. ಆದರೆ ಹೆಸರು ಹೆಸರಿನ ಕಡದ ಲೆಕ್ಕ ಇಡುವುದು ಅವುಗಳಲ್ಲಿ ಕಷ್ಟವಾದ್ದರಿಂದ ನಿಮ್ಮ ಅಂಗಡಿಗೆ ಅವು ಹೊಂದುವುದಿಲ್ಲ.

ಪ್ರಿಂಟರ್‌ಗಳಲ್ಲಿ 58 ಮಿಲಿಮೀಟರ್ ಅಗಲದ್ದು ಮತ್ತು 80 ಮಿಲಿಮೀಟರ್ ಅಗಲದ್ದು ಎಂದು ಎರಡು ಅಳತೆಗಳಿವೆ. ಅಂಗಡಿಗಳಲ್ಲಿ 2 ಇಂಚಿನದು, 3 ಇಂಚಿನದು ಎಂದು ಕೇಳಿದರೆ ಕೊಡುತ್ತಾರೆ. ಸಾಧಾರಣ ದಿನಸಿ ಬಿಲ್‌ಗೆ 2 ಇಂಚಿನದು ಸಾಕು, ಸುಮಾರು 2,500ರಿಂದ 4,000 ರೂಪಾಯಿಯಲ್ಲಿ ಬರುತ್ತದೆ. ಇಲ್ಲಿ ಕನ್ನಡದ ಅಂಗಡಿಯವರೆಲ್ಲರೂ ಕೇಳಬೇಕಾದ ಒಂದು ಪ್ರಶ್ನೆಯಿದೆ. ಶಾಖದಿಂದ ಮುದ್ರಿಸುವ ಕಡಿಮೆ ದರದ ಥರ್ಮಲ್ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ಆ್ಯಪ್ ಬರೀ ಅಕ್ಷರದ ಸಂಕೇತಗಳನ್ನು ಕಳುಹಿಸಿದರೆ ‘ಏಲಕ್ಕಿ’ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿ ಚೌಕಗಳೋ ಬರುತ್ತವೆ. ಆ್ಯಪ್ ಇಡೀ ಬಿಲ್ಲನ್ನು ಚಿತ್ರವಾಗಿ ಕಳುಹಿಸುವಂತಿದ್ದರೆ ಕನ್ನಡ ಸರಿಯಾಗಿ ಮೂಡುತ್ತದೆ, ವೇಗ ಮಾತ್ರ ಸ್ವಲ್ಪ ತಗ್ಗುತ್ತದೆ. ‘ಕೊತ್ತಂಬರಿ’, ‘ಸಕ್ಕರೆ’, ‘ಏಲಕ್ಕಿ’ ಈ ಮೂರು ಹೆಸರುಗಳನ್ನು ಮುದ್ರಿಸಿ, ಒತ್ತಕ್ಷರ ತನ್ನ ಜಾಗದಲ್ಲೇ ಕುಳಿತಿದೆಯೇ ಎಂದು ನೋಡಿ. ಲೈನ್ ಮನೆಯಿಂದ ಬರುವವರು ತಾವು ಕೊಂಡದ್ದೇನೆಂದು ತಾವೇ ಓದಿಕೊಳ್ಳುವಂತಾಗುವುದು ಅಂಗಡಿಯ ಮೇಲಿನ ನಂಬಿಕೆಗೆ ಬಹಳ ಮುಖ್ಯ, ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ.

ಥರ್ಮಲ್ ಕಾಗದ ಶಾಖಕ್ಕೂ ತೇವಕ್ಕೂ ಬೇಗ ಮಾಸುತ್ತದೆ. ರೋಲ್‌ಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಒಂದೇ ಸಲಕ್ಕೆ ವರ್ಷಕ್ಕಾಗುವಷ್ಟು ಕೊಳ್ಳಬೇಡಿ. ಸಗಟು ವ್ಯಾಪಾರಿಯಿಂದ ನಿಮಗೆ ಬರುವ ಥರ್ಮಲ್ ಬಿಲ್‌ಗಳನ್ನು ಅಂದೇ ಫೋಟೋ ತೆಗೆದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಟೇಪ್ ಅಂಟಿಸಿದರೆ ಅಕ್ಷರ ಇನ್ನೂ ಬೇಗ ಅಳಿಸಿಹೋಗುತ್ತದೆ.

ಈಗ ತೆರಿಗೆಯ ವಿಚಾರ. ಸರಕುಗಳನ್ನಷ್ಟೇ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಈ ಲೆಕ್ಕದಲ್ಲಿ ತೆರಿಗೆಯುಳ್ಳ ಸಾಮಾನು ಮಾತ್ರವಲ್ಲದೆ ತೆರಿಗೆ ವಿನಾಯಿತಿಯಿರುವ ಬಿಡಿ ಅಕ್ಕಿ, ತರಕಾರಿ, ಹಾಲಿನ ಮಾರಾಟವೂ ಸೇರುತ್ತದೆ. ವಿನಾಯಿತಿಯ ಸಾಮಾನುಗಳನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ, ಆದರೆ ನಿಮ್ಮದು ಎರಡೂ ಬೆರೆತ ಅಂಗಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು ನಿಮಗೆ ನೆನಪಿರಬಹುದು. ಹಾಲು, ತರಕಾರಿ ಮಾರುವವರೂ ಅವರಲ್ಲಿದ್ದರು. ಖಾತೆಗೆ ಬಂದ ಹಣದಲ್ಲಿ ಎಷ್ಟು ತೆರಿಗೆಯುಳ್ಳ ವ್ಯಾಪಾರ, ಎಷ್ಟು ವಿನಾಯಿತಿಯದು, ಎಷ್ಟು ನೆಂಟರಿಂದ ಬಂದ ಕೈಸಾಲ ಎಂದು ಬಿಡಿಸಿ ತೋರಿಸಲು ಬಿಲ್‌ವಾರು ದಾಖಲೆ ಇಲ್ಲದವರು ಎಷ್ಟು ಕಷ್ಟಪಟ್ಟಿರಬಹುದೆಂದು ಯೋಚಿಸಿ. ನಿಮ್ಮಂಥವರಿಗೆ ಬಿಲ್ಲಿಂಗ್ ವ್ಯವಸ್ಥೆ ಬೇಕೇ ಬೇಕು ಎಂದು ನಾನು ಒತ್ತಿ ಹೇಳಲು ಇದೊಂದೇ ಕಾರಣ ಸಾಕು. ಪ್ರತಿ ಸಾಮಾನಿಗೂ ಅದರ ತೆರಿಗೆ ದರವನ್ನು, ಶೂನ್ಯವಾದರೆ ಶೂನ್ಯವೆಂದೇ, ಈಗಲೇ ನಮೂದಿಸಿ. ತಿಂಗಳ ಕೊನೆಯಲ್ಲಿ ಎರಡರ ಮೊತ್ತವೂ ಬೇರೆ ಬೇರೆಯಾಗಿ ಬರುವ ವರದಿ ಸಾಫ್ಟ್‌ವೇರ್‌ನಲ್ಲಿ ಇರಲೇಬೇಕು.

ದರ ನಮೂದಿಸುವುದೆಂದರೆ ಬಿಲ್‌ನಲ್ಲಿ ತೆರಿಗೆ ತೋರಿಸುವುದೆಂದು ತಿಳಿಯಬೇಡಿ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಆದ್ದರಿಂದ ಬಿಲ್‌ನಲ್ಲಿ ತೆರಿಗೆಯ ಸಾಲನ್ನು ಮುಚ್ಚುವ ಸೌಲಭ್ಯ ಇರಬೇಕು, ಮುಂದೆ ನೋಂದಣಿಯಾದ ದಿನ ಅದನ್ನು ತೆರೆಯುವಂತಿರಬೇಕು. ವಹಿವಾಟು 40 ಲಕ್ಷ ದಾಟಿದಾಗ ನೀವು ಕಾಂಪೊಸಿಷನ್ ಪದ್ಧತಿಯನ್ನು, ಅಂದರೆ ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದ ತೆರಿಗೆಯನ್ನು ತಾವೇ ಕಟ್ಟುವ ಸರಳ ದಾರಿಯನ್ನು, ಆರಿಸಿಕೊಳ್ಳಬಹುದು. ಒಂದೂವರೆ ಕೋಟಿ ರೂಪಾಯಿ ವಹಿವಾಟಿನವರೆಗೆ ಅದಕ್ಕೆ ಅವಕಾಶವಿದೆ, ವ್ಯಾಪಾರಿಗಳಿಗೆ ತೆರಿಗೆಯುಳ್ಳ ಮಾರಾಟದ ಮೇಲೆ ಶೇಕಡಾ 1. ಅದನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ, ತೆರಿಗೆ ಇನ್‌ವಾಯ್ಸ್ ಬದಲು ‘ಬಿಲ್ ಆಫ್ ಸಪ್ಲೈ’ (ತೆರಿಗೆಯನ್ನು ಬೇರೆಯಾಗಿ ತೋರಿಸದ ಬಿಲ್) ಕೊಡಬೇಕು. ನೋಂದಣಿ ಇಲ್ಲದ ಸಾದಾ ಬಿಲ್, ಕಾಂಪೊಸಿಷನ್ ಬಿಲ್, ಪೂರ್ಣ ಜಿಎಸ್‌ಟಿ ಬಿಲ್ ಈ ಮೂರೂ ರೂಪಗಳು ಒಂದೇ ಸಾಫ್ಟ್‌ವೇರ್‌ನಲ್ಲಿವೆಯೇ ಎಂದು ಕೇಳಿ. ಇಲ್ಲದಿದ್ದರೆ ಎರಡು ವರ್ಷದ ಬಳಿಕ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಗುತ್ತದೆ. ಕಾಫಿ ಬೀಜವನ್ನು ನೀವೇ ಹುರಿದು ಪುಡಿ ಮಾಡಿ ಮಾರುತ್ತಿದ್ದರೆ ನಿಮ್ಮನ್ನು ತಯಾರಕರೆಂದು ಎಣಿಸುವ ಪ್ರಶ್ನೆ ಏಳುತ್ತದೆ, ಅದನ್ನು ತೆರಿಗೆ ಸಲಹೆಗಾರರ ಬಳಿ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಪ್ರವಾಸಿಗರ ವ್ಯಾಪಾರದಲ್ಲಿ ಒಂದು ಸೂಕ್ಷ್ಮವಿದೆ. ಕೇರಳದಿಂದಲೋ ತಮಿಳುನಾಡಿನಿಂದಲೋ ಬಂದವರು ಕೌಂಟರ್‌ನಲ್ಲಿ ಕೊಂಡು ಕೈಯಲ್ಲೇ ಒಯ್ದರೆ, ಬಿಲ್‌ನಲ್ಲಿ ಅವರ ವಿಳಾಸ ಇಲ್ಲದಿದ್ದಾಗ ಅದು ರಾಜ್ಯದೊಳಗಿನ ಮಾರಾಟವೇ. ಆದರೆ 2023ರ ಅಕ್ಟೋಬರ್‌ನಿಂದ, ನೋಂದಣಿ ಇಲ್ಲದ ಗ್ರಾಹಕರ ಬಿಲ್‌ನಲ್ಲಿ ಬೇರೆ ರಾಜ್ಯದ ಹೆಸರು ದಾಖಲಾದರೂ ಸಾಕು, ಅದು ಅಂತರರಾಜ್ಯ ಮಾರಾಟವಾಗುತ್ತದೆ. ಕೆಲಸದ ಹುಡುಗ ಸೌಜನ್ಯಕ್ಕೆಂದು ಗ್ರಾಹಕರ ಹೆಸರು, ಊರು ಎಲ್ಲವನ್ನೂ ತುಂಬಿದರೆ ಬಿಲ್‌ನ ಸ್ವರೂಪವೇ ಬದಲಾಗುತ್ತದೆ. ಕೌಂಟರ್ ಬಿಲ್‌ನಲ್ಲಿ ‘ನಗದು ಗ್ರಾಹಕರು’ ಎಂದಷ್ಟೇ ತಾನಾಗಿ ಬರುವಂತೆ ಹೊಂದಿಸಿಬಿಡಿ. ಹಾಗೆಯೇ, ಒಮ್ಮೆ ಬಂದುಹೋದವರು ಆಮೇಲೆ ಫೋನ್ ಮಾಡಿ ‘ಎರಡು ಕಿಲೋ ಕಾಫಿ ಪುಡಿ ಕೊರಿಯರ್ ಮಾಡಿ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಬೆಂಗಳೂರಿಗೆ ಕಳುಹಿಸಲು ಅಡ್ಡಿಯಿಲ್ಲ. ತೆರಿಗೆಯುಳ್ಳ ಸರಕನ್ನು ಚೆನ್ನೈಗೋ ಕೊಚ್ಚಿಗೋ ಕಳುಹಿಸಬೇಕಾದರೆ ಮಾತ್ರ, ವಹಿವಾಟು ಎಷ್ಟೇ ಕಡಿಮೆಯಿದ್ದರೂ, ಸಾಮಾನ್ಯವಾಗಿ ನೋಂದಣಿ ಬೇಕು. ಕಾಂಪೊಸಿಷನ್‌ನಲ್ಲಿರುವವರಿಗೂ ಹೊರರಾಜ್ಯದ ಮಾರಾಟಕ್ಕೆ ಅನುಮತಿಯಿಲ್ಲ. ಪಾರ್ಸೆಲ್ ವ್ಯಾಪಾರ ಬೆಳೆಸುವ ಆಸೆ ನಿಮಗಿದ್ದರೆ ಈಗಿನಿಂದಲೇ ಪೂರ್ಣ ಜಿಎಸ್‌ಟಿಯ ದಾರಿಯನ್ನು ಯೋಚಿಸುವುದು ಒಳ್ಳೆಯದು.

ತೆರಿಗೆ ದರಗಳು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ. 2025ರ ಸೆಪ್ಟೆಂಬರ್ 22ರಂದು ಚಾಕೊಲೇಟ್, ಬಿಸ್ಕತ್ತು, ಸ್ನಾನದ ಸೋಪುಗಳು ಶೇಕಡಾ 18ರಿಂದ 5ಕ್ಕೆ ಇಳಿದವು. ಕೊಡೆ, ಜಾಮ್, ಮೇಣದಬತ್ತಿ ಶೇಕಡಾ 12ರಿಂದ 5ಕ್ಕೆ ಬಂದವು. ಅಂತಹ ದಿನ ನೂರಾರು ಸಾಮಾನುಗಳ ದರವನ್ನು ಒಂದೊಂದಾಗಿ ಬದಲಿಸುವುದು ಸಾಧ್ಯವಾಗದ ಮಾತು. ಗುಂಪು ಗುಂಪಾಗಿ ದರ ಬದಲಿಸುವ ಅವಕಾಶವಿರಬೇಕು, ಬದಲಿಸಿದ ಮೇಲೂ ಹಳೆಯ ಬಿಲ್‌ಗಳು ಹಳೆಯ ದರದಲ್ಲೇ ಉಳಿಯಬೇಕು.

ತೂಕದ ಸಾಮಾನಿನ ವಿಷಯದಲ್ಲಿ ದೊಡ್ಡ ನಗರಗಳ ಸೂಪರ್‌ಮಾರ್ಕೆಟ್‌ಗಾಗಿ ಮಾಡಿದ ಸಾಫ್ಟ್‌ವೇರ್‌ಗಳು ಹಳ್ಳಿಯ ಅಂಗಡಿಯಲ್ಲಿ ಸೋಲುವುದು ಹೆಚ್ಚು. ನಿಮ್ಮಲ್ಲಿಗೆ ಬರುವವರು ‘ನಾಲ್ಕು ನೂರು ಗ್ರಾಂ ಸಕ್ಕರೆ’ ಎಂದು ಕೇಳುವುದಿಲ್ಲ, ‘ಇಪ್ಪತ್ತು ರೂಪಾಯಿ ಸಕ್ಕರೆ ಕೊಡಿ’ ಎನ್ನುತ್ತಾರೆ. ಸಕ್ಕರೆ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಂಡರೆ, 20 ಎಂದು ಒತ್ತಿದೊಡನೆ 400 ಗ್ರಾಂ ಎಂದು ಸಾಫ್ಟ್‌ವೇರ್ ತಾನೇ ತೋರಿಸಬೇಕು, ದಾಸ್ತಾನಿನಿಂದ ಅಷ್ಟೇ ಕಳೆಯಬೇಕು. ಹಾಗೆಯೇ ಕರಿಮೆಣಸನ್ನು ಚೀಲದ ಲೆಕ್ಕದಲ್ಲಿ ಕೊಂಡು 100 ಗ್ರಾಂ ಪೊಟ್ಟಣ ಕಟ್ಟಿ ಮಾರುವಾಗ, ಪೊಟ್ಟಣ ಮಾರಿದರೂ ಚೀಲದ ಲೆಕ್ಕ ಇಳಿಯಬೇಕು. ಮಳೆಗಾಲದಲ್ಲಿ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ ತೂಕ ಏರಿಳಿಯುವುದರಿಂದ, ಕಾರಣ ಬರೆದು ದಾಸ್ತಾನು ಸರಿಪಡಿಸುವ ಜಾಗವೂ ಬೇಕು. ತಕ್ಕಡಿಯನ್ನು ಬಿಲ್ಲಿಂಗ್‌ಗೆ ತಂತಿಯಿಂದ ಜೋಡಿಸುವ ಖರ್ಚು ನಿಮಗೆ ಸದ್ಯಕ್ಕೆ ಬೇಡ; ಇರುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ ವರ್ಷ ಹಾಕಿಸಿದರೆ ಸಾಕು. ಮೊದಲೇ ಕಟ್ಟಿಟ್ಟು ಮಾರುವ ಪೊಟ್ಟಣದ ಮೇಲೆ ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇತ್ಯಾದಿ ವಿವರಗಳಿರಬೇಕು. ಆಹಾರ ಪದಾರ್ಥ ಮಾರುವವರು 2022ರ ಜನವರಿಯಿಂದ ಬಿಲ್‌ನಲ್ಲಿ ತಮ್ಮ ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿಯ, ಅಂದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ಮುದ್ರಿಸಬೇಕೆಂಬ ನಿಯಮವಿದೆ, ಬಿಲ್‌ನ ತಲೆಬರಹದಲ್ಲಿ ಅದಕ್ಕೆ ಜಾಗವಿದೆಯೇ ನೋಡಿಕೊಳ್ಳಿ.

ಬಾರ್‌ಕೋಡ್ ಸ್ಕ್ಯಾನರ್ ಸದ್ಯಕ್ಕೆ ಬೇಡ. ಫೋನಿನ ಕ್ಯಾಮೆರಾದಿಂದಲೇ ಸೋಪು, ಬಿಸ್ಕತ್ತುಗಳ ಬಾರ್‌ಕೋಡ್ ಓದಿಸಬಹುದು. ಬಿಡಿ ಸಾಮಾನುಗಳಿಗೆ ಎರಡು ಮೂರು ಅಂಕಿಯ ಸಂಖ್ಯೆ ಕೊಟ್ಟುಕೊಂಡರೆ ಕೆಲಸ ಇನ್ನೂ ಬೇಗ ಸಾಗುತ್ತದೆ.

ಹೆಸರು ಹೇಳಿ ಎಂದು ನೀವು ಕೇಳುವಿರಿ. ನಿಮ್ಮ ಅಗತ್ಯಕ್ಕೆ ಹತ್ತಿರವಾಗಿರುವುದು ವ್ಯಾಪಾರ್ ಬಗೆಯ, ಭಾರತದ ಜಿಎಸ್‌ಟಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ, ಫೋನಿನಲ್ಲೇ ಲೆಕ್ಕ ಉಳಿಸಿಕೊಳ್ಳುವ ಆ್ಯಪ್‌ಗಳು. ಇವುಗಳಿಗೆ ವರ್ಷದ ಚಂದಾ ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿ. ಲಾಯ್‌ವರ್ಸ್ ಎಂಬುದರ ಮೂಲ ಆ್ಯಪ್ ಉಚಿತ, ಕೌಂಟರ್‌ನಲ್ಲಿ ಬಳಸಲು ಬಹಳ ಸರಳ, ಇಂಟರ್ನೆಟ್ ಇಲ್ಲದಾಗಲೂ ಮಾರಾಟ ದಾಖಲಿಸುತ್ತದೆ. ಆದರೆ ಅದು ಬೇರೆ ಬೇರೆ ದೇಶಗಳ ಅಂಗಡಿಗಳಿಗಾಗಿ ಮಾಡಿದ್ದಾದ್ದರಿಂದ ನಮ್ಮ ತೆರಿಗೆಯ ವರದಿಗಳನ್ನು ಅದರಿಂದ ನಿರೀಕ್ಷಿಸಬೇಡಿ. ಟ್ಯಾಲಿಪ್ರೈಮ್‌ನ ಶಾಶ್ವತ ಪರವಾನಗಿಯೊಂದೇ 20 ಸಾವಿರ ದಾಟುತ್ತದೆ, ಜೊತೆಗೆ ಕಂಪ್ಯೂಟರ್ ಬೇಕು. ವಹಿವಾಟು ಬೆಳೆದು ಲೆಕ್ಕ ಬರೆಯುವವರನ್ನು ಇಟ್ಟುಕೊಂಡ ಮೇಲೆ ಅದು ಸಾರ್ಥಕ, ಇಂದಿಗೆ ಅದು ಹೊರೆ. ಯಾವುದೇ ಆದರೂ ಉಚಿತ ಅವಧಿಯಲ್ಲಿ ಒಂದು ಸಂತೆ ದಿನ ಮತ್ತು ಪ್ರವಾಸಿಗರು ತುಂಬಿದ ಒಂದು ಭಾನುವಾರ ನಡೆಸಿ ನೋಡದೆ ಚಂದಾ ಕಟ್ಟಬೇಡಿ.

ಹತ್ತು ಸಾವಿರದ ಸುಮಾರಿಗೆ ಒಂದು ಟ್ಯಾಬ್ಲೆಟ್, ಮೂರು ನಾಲ್ಕು ಸಾವಿರಕ್ಕೆ ಪ್ರಿಂಟರ್, ಮೂರು ಸಾವಿರದಷ್ಟು ಚಂದಾ, ಒಂದೆರಡು ಸಾವಿರಕ್ಕೆ ಒಳ್ಳೆಯ ಪವರ್‌ಬ್ಯಾಂಕ್, ಉಳಿದದ್ದರಲ್ಲಿ ಕಾಗದದ ರೋಲ್ ಎಂದು ಎಣಿಸಿದರೆ 20 ಸಾವಿರದ ಒಳಗೆ ನಿಲ್ಲುತ್ತದೆ. ಸೌಂಡ್‌ಬಾಕ್ಸ್ ಬೇಕೆನಿಸಿದರೆ ಅದರೊಳಗಿನ ಸಿಮ್ ಯಾವ ಕಂಪನಿಯದೆಂದು ಕೇಳಿ, ನಿಮ್ಮ ಊರಿನಲ್ಲಿ ಸಿಗ್ನಲ್ ಸಿಗುವ ಕಂಪನಿಯದನ್ನೇ ತೆಗೆದುಕೊಳ್ಳಿ. ಅದು ಮಾತಾಡದ ಹೊತ್ತಿನಲ್ಲಿ ಗ್ರಾಹಕರ ಫೋನಿನ ಪರದೆ ನೋಡಿ ಸಾಮಾನು ಕೊಡುವ ಅಭ್ಯಾಸ ಬೇಡ. ನಿಮ್ಮ ಖಾತೆಯಲ್ಲಿ ಹಣ ಕಂಡ ಮೇಲೆಯೇ ಕೊಡಿ.

45 ಸಾವಿರದ ಮಷಿನ್ ಬಗ್ಗೆ ನನಗಿರುವ ಆತಂಕ ದರಕ್ಕಷ್ಟೇ ಸೇರಿದ್ದಲ್ಲ. ಅಂತಹ ಒಪ್ಪಂದಗಳಲ್ಲಿ ಯಂತ್ರದ ಬೆಲೆಯ ಹಿಂದೆ ವರ್ಷ ವರ್ಷದ ನಿರ್ವಹಣಾ ಶುಲ್ಕ ಇರುತ್ತದೆಯೇ, ಅದನ್ನು ಕಟ್ಟದಿದ್ದರೆ ಹಳೆಯ ಲೆಕ್ಕ ನೋಡಲು ಸಿಗುತ್ತದೆಯೇ, ಬೇರೆ ಸಾಫ್ಟ್‌ವೇರ್‌ಗೆ ಹೋಗುವಾಗ ಸಾಮಾನಿನ ಪಟ್ಟಿ, ಬಿಲ್‌ಗಳು ಮತ್ತು ಗ್ರಾಹಕರ ಬಾಕಿ ಎಕ್ಸೆಲ್ ಫೈಲಿನಲ್ಲಿ ಹೊರಬರುತ್ತವೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಜಿಎಸ್‌ಟಿ ನೋಂದಣಿಯಾದ ಮೇಲೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ಕಾಲದಲ್ಲಿ ಫೋನು ಬದಲಾಗುತ್ತದೆ, ಸಾಫ್ಟ್‌ವೇರ್ ಕಂಪನಿಯೂ ಬದಲಾಗಬಹುದು, ಲೆಕ್ಕ ಮಾತ್ರ ನಿಮ್ಮದಾಗಿ ಉಳಿಯಬೇಕು. ವಾರಕ್ಕೊಮ್ಮೆ, ಸಿಗ್ನಲ್ ಇದ್ದಾಗ ಗೂಗಲ್ ಡ್ರೈವ್‌ಗೂ ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೂ ಒಂದೊಂದು ಪ್ರತಿ ಹಾಕಿ, ಪೆನ್‌ಡ್ರೈವ್ ಅನ್ನು ಅಂಗಡಿಯಲ್ಲಿಡದೆ ಮನೆಯಲ್ಲಿಡಿ.

ಕೊನೆಗೆ ನಿಮ್ಮ ಕಡದ ಪುಸ್ತಕ. ಅದನ್ನು ಕೂಡಲೇ ಬಿಡಬೇಡಿ. ಲೈನ್ ಮನೆಗಳಲ್ಲಿ ಒಂದೇ ಹೆಸರಿನ ಹಲವರಿರುತ್ತಾರೆ, ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗಿ ಮುಂದಿನ ವರ್ಷ ಬರುವವರೂ ಇರುತ್ತಾರೆ. ಆದ್ದರಿಂದ ಸಾಫ್ಟ್‌ವೇರ್‌ನಲ್ಲಿ ಬರಿಯ ಹೆಸರು ಬರೆಯದೆ ತೋಟದ ಹೆಸರು ಮತ್ತು ಲೈನಿನ ಸಂಖ್ಯೆಯನ್ನು ಸೇರಿಸಿ ಖಾತೆ ತೆರೆಯಿರಿ. ಮೊಬೈಲ್ ಸಂಖ್ಯೆ ಕೊಡಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ಬಟವಾಡೆಯ ದಿನ ಪ್ರತಿಯೊಬ್ಬರಿಗೂ ಪುಸ್ತಕದ ಬಾಕಿಯನ್ನು ಓದಿ ಹೇಳಿ, ಒಪ್ಪಿಗೆಯಾದ ಮೊತ್ತವನ್ನು ಆರಂಭದ ಬಾಕಿಯೆಂದು ಸಾಫ್ಟ್‌ವೇರ್‌ಗೆ ಏರಿಸಿ, ಪುಸ್ತಕದಲ್ಲಿ ಅವರಿಂದ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಆ ಪುಟಕ್ಕೆ ಅಲ್ಲಿಗೇ ಗೆರೆ ಎಳೆಯಿರಿ. ಅಂದಿನಿಂದ ಪ್ರತಿ ಕಡಕ್ಕೂ ಮುದ್ರಿತ ಚೀಟಿ ಕೊಡಿ, ಅದರ ಕೆಳಗೆ ಹಳೆಯ ಬಾಕಿ, ಇಂದಿನದು, ಒಟ್ಟು ಎಂಬ ಮೂರು ಸಾಲುಗಳು ಬರುವಂತೆ ಹೊಂದಿಸಿ. ಇದನ್ನು ಆರಂಭಿಸಲು ಮಳೆಗಾಲವನ್ನಾಗಲಿ, ಕಾಫಿ ಕೊಯ್ಲಿನ ಬಿರುಸಿನ ತಿಂಗಳುಗಳನ್ನಾಗಲಿ ಆರಿಸಿಕೊಳ್ಳಬೇಡಿ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷದ ಬಿಲ್ ಸರಣಿಯೂ ಆರಂಭವಾಗುತ್ತದೆ, ಆಗ ತೋಟದ ಕೆಲಸವೂ ಕೊಯ್ಲಿನ ಕಾಲದಷ್ಟು ಬಿಗಿಯಿರುವುದಿಲ್ಲ. ಹೆಚ್ಚು ಓಡುವ ನೂರು ಸಾಮಾನುಗಳನ್ನು ಮೊದಲು ಏರಿಸಿ, ಉಳಿದವನ್ನು ಮಾರಾಟವಾದಂತೆ ಸೇರಿಸುತ್ತಾ ಹೋಗಿ. ಆ ಒಂದು ಮಳೆಗಾಲವನ್ನು ಪುಸ್ತಕವೂ ಸಾಫ್ಟ್‌ವೇರೂ ಜೊತೆಜೊತೆಯಾಗಿ ಕಳೆಯಲಿ. ಅಕ್ಟೋಬರ್‌ನ ಹೊತ್ತಿಗೆ ಎರಡರ ಬಾಕಿಯೂ ತಾಳೆಯಾಗುತ್ತಿದ್ದರೆ ಹೊಸ ಪುಸ್ತಕ ಕೊಳ್ಳುವುದನ್ನು ನಿಲ್ಲಿಸಬಹುದು.